ಕೂಸಿಗೆ ಜ್ವರ: ಬೆಳಗಿನ ತನಕ ಕಾಯಬಹುದಾ, ಈಗಲೇ ದವಾಖಾನೆಗೆ ಹೊರಡಬೇಕಾ?

ಕ್ಯಾಂಪ್ ಮನೆ, ಸಿಂಧನೂರು ತಾಲೂಕು · ಸಂಜೆ 4:10

ಮಗನಿಗೆ 14 ತಿಂಗಳು, ತೂಕ 9 ಕಿಲೋ. ನಿನ್ನೆ ಮಧ್ಯಾಹ್ನದಿಂದ ಜ್ವರ. ಬಗಲಲ್ಲಿ ಥರ್ಮಾಮೀಟರ್ ಇಟ್ಟರೆ 102.2 ಫ್ಯಾರನ್‌ಹೀಟ್ ತೋರಿಸುತ್ತದೆ. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದರೆ ತಾಸು ಒಂದೂವರೆ ತಾಸಿನಲ್ಲಿ 100ರ ಹತ್ತಿರ ಬರುತ್ತದೆ. ಐದಾರು ತಾಸಾದ ಮೇಲೆ ಮತ್ತೆ ಮೈ ಸುಡುತ್ತದೆ. ಮೂಗು ಸೋರುತ್ತಿದೆ. ಎದೆಹಾಲು ಕುಡಿಯುತ್ತಾನೆ, ಅನ್ನ ಕಂಡರೆ ಮುಖ ತಿರುಗಿಸುತ್ತಾನೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ಇದು ಹಲ್ಲು ಬರುವ ಜ್ವರ ಅಂತಾರೆ. ನಮ್ಮ ಮನೆಯವರು ಊರಲ್ಲೇ ಇರುವ, ಡಾಕ್ಟರ್ ಡಿಗ್ರಿ ಇಲ್ಲದ ಆರ್‌ಎಂಪಿ ಹತ್ತಿರ ಒಂದು ಇಂಜೆಕ್ಷನ್ ಹಾಕಿಸಿಬಿಡೋಣ ಅಂತಾರೆ. ನನಗೆ ಸಿಂಧನೂರಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಬೇಕು ಅನಿಸುತ್ತಿದೆ. ಆದರೆ ಕೊನೆ ಬಸ್ಸು ಹೋದರೆ ನಮ್ಮ ಕ್ಯಾಂಪಿನಿಂದ, ಅಂದರೆ ಕಾಲುವೆ ಪಕ್ಕದ ಸಣ್ಣ ಊರಿನಿಂದ, ರಾತ್ರಿ ಗಾಡಿ ಸಿಗೋದು ಕಷ್ಟ. ಎಷ್ಟು ಡಿಗ್ರಿ ಆದರೆ ಹೋಗಬೇಕು, ಎಷ್ಟಾದರೆ ಮನೆಯಲ್ಲೇ ಇರಬಹುದು? ಯಾರಾದರೂ ಒಂದು ನಂಬರ್ ಹೇಳಿ, ಸಾಕು.

ಗಂಗಾವತಿ ಅವ್ವ

ನಂಬರ್ ಆಮೇಲೆ. ಮೊದಲು ಇದನ್ನ ಹೇಳಿ: ಇವತ್ತು ಎಷ್ಟು ಸಲ ಉಚ್ಚೆ ಹೊಯ್ದಿದ್ದಾನೆ? ಜ್ವರ ಇಳಿದಾಗ ಆಡುತ್ತಾನಾ, ಇಲ್ಲಾ ಆಗಲೂ ಮಂಕಾಗಿ ಮಲಗಿರುತ್ತಾನಾ? ವಾಂತಿ ಇದೆಯಾ? ನನ್ನ ಮಗಳಿಗೆ ಜ್ವರ ಬಂದಾಗ ಡಾಕ್ಟರ್ ಕೇಳಿದ್ದೂ ಇವನ್ನೇ. ಥರ್ಮಾಮೀಟರ್ ಚೀಟಿ ತಗೊಂಡು ಹೋಗಿದ್ದೆ, ಅದನ್ನ ಕೊನೆಗೆ ನೋಡಿದರು.

ಕ್ಯಾಂಪ್ ಮನೆ

ಬೆಳಗಿನಿಂದ ನಾಲ್ಕು ಸಲ ಬಟ್ಟೆ ತೋಯಿಸಿದ್ದಾನೆ. ವಾಂತಿ ಇಲ್ಲ. ಜ್ವರ ಏರಿದಾಗ ಹೆಗಲ ಮೇಲೆ ಮಲಗಿಬಿಡುತ್ತಾನೆ. ಇಳಿದಾಗ ಡಬ್ಬಿ ಎಲ್ಲಾ ಎಳೆದು ಹಾಕುತ್ತಾನೆ.

ಪಿಎಚ್‌ಸಿ ಸಿಸ್ಟರ್, ದೇವದುರ್ಗ ಕಡೆ

ತಂಗಿ, ಡಬ್ಬಿ ಎಳೆದು ಹಾಕುವ ಕೂಸಿನ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಆದರೂ ನಾವು ಮಕ್ಕಳನ್ನ ನೋಡುವ ಕ್ರಮ ಹೇಳುತ್ತೇನೆ, ಇಲ್ಲಿ ಓದುವ ಎಲ್ಲರಿಗೂ ಬೇಕಾಗುತ್ತದೆ.

ಮೊದಲು ವಯಸ್ಸು. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಸಾಕು, ಹಗಲಿರಲಿ ರಾತ್ರಿಯಿರಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಗಲಲ್ಲಿ ನೋಡುವುದಾದರೆ 99.5 ದಾಟಿದರೇ ಎಚ್ಚರ, ಯಾಕಂದರೆ ಬಗಲಲ್ಲಿ ಯಾವಾಗಲೂ ಸ್ವಲ್ಪ ಕಮ್ಮಿ ತೋರಿಸುತ್ತದೆ. ಅಷ್ಟು ಸಣ್ಣ ಕೂಸಿಗೆ ರಕ್ತದಲ್ಲಿ ನಂಜು ಇದ್ದರೂ ಹೊರಗೆ ಬೇರೇನೂ ಕಾಣೋದಿಲ್ಲ. ಇನ್ನೊಂದು ಮಾತು, ಎಳೆ ಕೂಸಿನ ಮೈ ತಣ್ಣಗಾಗಿ ಹಾಲು ಬಿಟ್ಟರೆ ಅದೂ ಜ್ವರದಷ್ಟೇ ಅಪಾಯ. ಬಹಳ ಮಂದಿ ಇದನ್ನ ಗಮನಿಸೋದಿಲ್ಲ. ಮೂರರಿಂದ ಆರು ತಿಂಗಳ ಕೂಸಿಗೆ 102 ಆದರೆ ಅವತ್ತೇ ತೋರಿಸಿ.

ಆರು ತಿಂಗಳು ದಾಟಿದ ಮೇಲೆ ನಂಬರಿಗಿಂತ ಕೂಸು ಹೇಗಿದೆ ಅನ್ನೋದು ಮುಖ್ಯ. ಕುಡಿಯೋಕೆ ಆಗುತ್ತಿಲ್ಲ, ಕುಡಿದದ್ದೆಲ್ಲಾ ವಾಂತಿ, ಫಿಟ್ಸ್, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು. ಈ ನಾಲ್ಕರಲ್ಲಿ ಒಂದಿದ್ದರೂ ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ, ಹೊರಡಿ. ನಮಗೆ ತರಬೇತಿಯಲ್ಲಿ ಮೊದಲು ಕಲಿಸಿದ್ದೇ ಇದು.

ಆಮೇಲೆ ಉಸಿರು. ಕೂಸು ಮಲಗಿದ್ದಾಗ ಅಂಗಿ ಎತ್ತಿ ಹೊಟ್ಟೆ ನೋಡಿ. ಒಂದು ಪೂರ್ತಿ ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರೋದಿಲ್ಲ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ನಿಮ್ಮ ಮಗನ ಉಸಿರು ಎಣಿಸಿ ಇಲ್ಲಿ ಹಾಕಿ.

ಐದು ಮಕ್ಕಳ ತಾಯಿ, ಮಸ್ಕಿ

ಎಲ್ಲರೂ ಹೆದರಿಸಬೇಡಿ. ನಾನು ಐದು ಮಕ್ಕಳನ್ನ ಬೆಳೆಸಿದ್ದೇನೆ, ಮೊಮ್ಮಕ್ಕಳೂ ಇದ್ದಾರೆ. ಹಲ್ಲು ಬರುವಾಗ ಜ್ವರ, ಭೇದಿ ಎಲ್ಲಾ ಬರುತ್ತದೆ. ಬಜೆ ತೇಯ್ದು ನೆಕ್ಕಿಸಿ, ಬೆಚ್ಚಗೆ ಹೊದಿಸಿ ಮಲಗಿಸಿ. ಮಾತು ಮಾತಿಗೆ ದವಾಖಾನೆಗೆ ಓಡಿದರೆ ಅಲ್ಲಿಂದಲೇ ಇನ್ನೊಂದು ರೋಗ ಅಂಟಿಸಿಕೊಂಡು ಬರುತ್ತೀರಿ.

ಗಂಗಾವತಿ ಅವ್ವ

ಅಮ್ಮಾ, ಕೊನೆ ಮಾತು ಒಪ್ಪುತ್ತೇನೆ. ಓಪಿಡಿ ಸಾಲಿನಲ್ಲಿ ಕೆಮ್ಮುವ ಮಕ್ಕಳ ನಡುವೆ ಎರಡು ತಾಸು ನಿಲ್ಲೋದು ಸುಮ್ನೆ ಅಲ್ಲ. ಆದರೆ ಬೆಚ್ಚಗೆ ಹೊದಿಸೋದು? ಹೊರಗೆ 41 ಡಿಗ್ರಿ ಬಿಸಿಲಿದೆ!

ಮಕ್ಕಳ ಡಾಕ್ಟರ್, ಬಳ್ಳಾರಿ

ಓಪಿಡಿ ಮಧ್ಯೆ ಬರೆಯುತ್ತಿದ್ದೇನೆ, ಗಡಿಬಿಡಿ ಇದ್ದರೆ ಕ್ಷಮಿಸಿ. ಕೂಸನ್ನ ನೋಡದೆ ಇದೇ ಕಾಯಿಲೆ ಅಂತ ಹೇಳೋಕೆ ಆಗೋದಿಲ್ಲ. ಸಾಮಾನ್ಯ ಮಾತು ಹೇಳಬಹುದು.

ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು. 102 ಬರೋದಿಲ್ಲ. ಆರು ತಿಂಗಳಿಂದ ಎರಡೂವರೆ ವರ್ಷದ ತನಕ ಯಾವ ಮಗುವಿಗೆ ನೋಡಿದರೂ ಯಾವುದೋ ಒಂದು ಹಲ್ಲು ಬರುತ್ತಲೇ ಇರುತ್ತದೆ, ಹಾಗಾಗಿ ಎಲ್ಲದಕ್ಕೂ ಹಲ್ಲಿನ ಮೇಲೆ ತಪ್ಪು ಹಾಕೋದು ಸುಲಭ. ಅದರ ಹೆಸರಲ್ಲಿ ಮೂತ್ರದ ಸೋಂಕು, ಕಿವಿ ಸೋಂಕು ಕೈತಪ್ಪುತ್ತವೆ. ನೆಗಡಿ ಕೆಮ್ಮು ಏನೂ ಇಲ್ಲದೆ ಬರೀ ಜ್ವರ ಇರುವ ಮಗುವಿಗೆ, ಅದರಲ್ಲೂ ಹೆಣ್ಣು ಮಗುವಿಗೆ, ಮೂತ್ರ ಪರೀಕ್ಷೆ ಕೇಳಿ ಮಾಡಿಸಿ.

ಹೊದಿಸಬೇಡಿ. ಕಾವು ಹೊರಗೆ ಹೋಗಬೇಕು. ತೆಳು ಹತ್ತಿ ಅಂಗಿ, ಫ್ಯಾನು, ಮತ್ತೆ ಮತ್ತೆ ಹಾಲು, ನೀರು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಮನೆಯೊಳಗೆ ದಪ್ಪ ಬಟ್ಟೆ ಸುತ್ತಿದ ಹಸುಗೂಸಿಗೆ ಬರೀ ಸೆಕೆಯಿಂದಲೇ ಮೈ ಬಿಸಿಯಾಗುತ್ತದೆ. ಬಟ್ಟೆ ಸಡಿಲಿಸಿ, ತಂಪು ಜಾಗದಲ್ಲಿ ಹಾಲು ಕುಡಿಸಿ, ಅರ್ಧ ತಾಸು ಬಿಟ್ಟು ಮತ್ತೆ ನೋಡಿ. ಆಗಲೂ ಇದ್ದರೆ ಅದು ಜ್ವರವೇ.

ಬಜೆ ಬಗ್ಗೆ ಜಗಳ ಆಡೋದಿಲ್ಲ. ಆದರೆ ತೇಯುವ ಕಲ್ಲು, ನೀರು ಶುದ್ಧ ಇರೋದಿಲ್ಲ, ಮಂಪರಿನಲ್ಲಿರುವ ಕೂಸಿಗೆ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಇಳಿಯಬಹುದು. ನಾನಂತೂ ಬೇಡ ಅಂತೀನಿ.

ಸಿರುಗುಪ್ಪ ಭತ್ತದವನು

ಕ್ಯಾಂಪ್ ಮನೆಯವರು ಎತ್ತಿದ ನಿಜವಾದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಳ್ಳಾರಿಯಲ್ಲಿ ಗಾಂಧಿನಗರದಲ್ಲಿ ಮನೆ ಇದ್ದವರಿಗೆ 'ಬೆಳಗಿನ ತನಕ ನೋಡಿ' ಅನ್ನೋದು ಸರಿ. ರಾತ್ರಿ ಎರಡಕ್ಕೆ ಜೋರಾದರೂ ಆಟೋ ಹತ್ತಿ ಹೋಗುತ್ತಾರೆ. ನಮ್ಮ ಹಳ್ಳಿಯಿಂದ ಬಳ್ಳಾರಿ ಐವತ್ತು ಕಿಲೋಮೀಟರ್ ಮೇಲೆ. ಹೀಗಿರುವಾಗ ನಮ್ಮ ಲೆಕ್ಕ ಬೇರೆ ಇರಬೇಕು, ಅಲ್ವಾ?

ನಾನು ನನ್ನ ಮನೆಯಲ್ಲಿ ಮಾಡಿಕೊಂಡ ಪದ್ಧತಿ ಹೇಳುತ್ತೇನೆ. ಜ್ವರ ಬಂದ ಕೂಸಿನ ಬಗ್ಗೆ ರಾತ್ರಿ ಯೋಚನೆ ಮಾಡೋದಿಲ್ಲ, ಸಂಜೆ ಐದಕ್ಕೇ ಮಾಡುತ್ತೇವೆ. ಐದು ಗಂಟೆಗೆ ಕೂಸು ಆಡುತ್ತಿದೆ, ಕುಡಿಯುತ್ತಿದೆ, ಉಚ್ಚೆ ಹೊಯ್ಯುತ್ತಿದೆ ಅಂದರೆ ಮನೆಯಲ್ಲಿ. ಈ ಮೂರರಲ್ಲಿ ಒಂದರ ಬಗ್ಗೆ ಅನುಮಾನ ಬಂದರೂ ಬೆಳಕಿರುವಾಗಲೇ ಹೊರಡುವುದು. ಪಟ್ಟಣದವರು ಕಾಯುವ ಕಡೆ ನಾವು ಕಾಯುವಂತಿಲ್ಲ. ಮನೆಯಲ್ಲೇ ಉಳಿದರೂ ಕಾರು ಇರುವ ಇಬ್ಬರಿಗೆ ಮೊದಲೇ ಫೋನ್ ಮಾಡಿ ಇಡುತ್ತೇನೆ. ಬೈಕಿಗೆ ಪೆಟ್ರೋಲ್, ಜೇಬಲ್ಲಿ ದುಡ್ಡು, ಲಸಿಕೆ ಬರೆದಿಡುವ ತಾಯಿ ಕಾರ್ಡ್ ಚೀಲದಲ್ಲಿ.

108ಕ್ಕೆ ಫೋನ್ ಮಾಡಿದರೆ ಬರುತ್ತದೆ. ಆದರೆ ಯಾವ ಕ್ಯಾಂಪು, ಯಾವ ಕಾಲುವೆ ಪಕ್ಕ ಅಂತ ತಿಳಿಸೋದರಲ್ಲೇ ಹೊತ್ತು ಹೋಗುತ್ತದೆ. ಹತ್ತಿರದ ಶಾಲೆ ಅಥವಾ ಗುಡಿಯ ಹೆಸರು ಹೇಳಿ, ಒಬ್ಬರನ್ನ ರಸ್ತೆಗೆ ಟಾರ್ಚ್ ಕೊಟ್ಟು ಕಳಿಸಿ.

ಮಕ್ಕಳ ಡಾಕ್ಟರ್, ಬಳ್ಳಾರಿ

ಸಿರುಗುಪ್ಪದವರ ಮಾತು ಸರಿ. ನಮ್ಮ ಪುಸ್ತಕಗಳಲ್ಲಿ ದೂರದ ಲೆಕ್ಕ ಬಹಳ ಕಮ್ಮಿ. ದೂರ ಇದ್ದವರು ಒಂದು ಹೆಜ್ಜೆ ಮೊದಲೇ ಹೊರಡಬೇಕು. ಬಂದ ಮೇಲೆ 'ಏನೂ ಇಲ್ಲ' ಅಂತ ಹೇಳಿಸಿಕೊಂಡು ವಾಪಸ್ ಹೋದರೆ ಅದು ದಂಡ ಅಲ್ಲ.

ಔಷಧಿ ಅಂಗಡಿ, ಕೊಪ್ಪಳ

ನಾನು ಕೌಂಟರ್ ಹಿಂದೆ ನಿಂತು ದಿನಾ ನೋಡುವ ಸಂಗತಿ. 'ಜ್ವರದ ಔಷಧಿ ಕೊಡಿ' ಅಂತ ಕೇಳುತ್ತಾರೆ. ಕೂಸಿನ ತೂಕ ಯಾರಿಗೂ ಗೊತ್ತಿರೋದಿಲ್ಲ. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿಗಲ್ಲ, ತೂಕಕ್ಕೆ: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ 4ರಿಂದ 6 ತಾಸು, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ.

ಗೊಂದಲ ಇರೋದು ಬಾಟಲಿಯಲ್ಲಿ. ಒಂದೇ ಹೆಸರಿನ ಔಷಧಿ ಮೂರು ಥರ ಬರುತ್ತದೆ. ಒಂದರಲ್ಲಿ 5 ಮಿಲಿಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 5 ಮಿಲಿಗೆ 250. ಹಸುಗೂಸಿನ ಡ್ರಾಪ್ಸ್‌ನಲ್ಲಿ 1 ಮಿಲಿಗೇ 100. ಕ್ಯಾಂಪ್ ಮನೆಯವರ 9 ಕಿಲೋ ಮಗುವಿಗೆ ಹೆಚ್ಚೆಂದರೆ 135 ಮಿಲಿಗ್ರಾಂ. ಅಂದರೆ ಮೊದಲನೆಯದು ಐದೂವರೆ ಮಿಲಿ, ಎರಡನೆಯದು ಎರಡೂವರೆ ಮಿಲಿ, ಡ್ರಾಪ್ಸ್ ಆದರೆ 1.3 ಮಿಲಿ. ಡ್ರಾಪ್ಸ್ ಬಾಟಲಿಯಿಂದ ಸಿರಪ್ ಲೆಕ್ಕದಲ್ಲಿ 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ ಹೋಗುತ್ತದೆ, ಅದು ಪೆಟ್ಟು ಕೊಡೋದು ಲಿವರಿಗೆ. ಅಡುಗೆ ಮನೆ ಚಮಚ ಬೇಡ. ಬಾಟಲಿ ಜೊತೆ ಬರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ.

ನಿಮೆಸುಲೈಡ್ ಕೇಳಿಕೊಂಡು ಬರುವವರು ಇನ್ನೂ ಇದ್ದಾರೆ, 'ಅದು ಜೋರು, ಬೇಗ ಇಳಿಸುತ್ತೆ' ಅಂತ. 12 ವರ್ಷದೊಳಗಿನ ಮಕ್ಕಳಿಗೆ ಅದನ್ನ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧ ಮಾಡಿದ್ದಾರೆ. ಆಸ್ಪಿರಿನ್ ಕೂಡ ಮಕ್ಕಳ ಜ್ವರಕ್ಕೆ ಕೊಡಬಾರದು. ಮೂಗು ಸೋರುತ್ತದೆ ಅಂತ ನೆಗಡಿ ಕೆಮ್ಮಿನ ಸಿರಪ್ ಕೇಳಬೇಡಿ. ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ, 2025ರ ಅಕ್ಟೋಬರಿನಲ್ಲಿ ಕೇಂದ್ರ ಮತ್ತು ನಮ್ಮ ರಾಜ್ಯ ಎರಡೂ ಎರಡು ವರ್ಷದೊಳಗಿನ ಮಕ್ಕಳಿಗೆ ಇವು ಬೇಡ ಅಂತ ಸೂಚನೆ ಕೊಟ್ಟಿವೆ. ಮೂಗು ಕಟ್ಟಿದರೆ ಸಲೈನ್ ಡ್ರಾಪ್ಸ್ ಸಾಕು.

ಕ್ಯಾಂಪ್ ಮನೆ · ಸಂಜೆ 5:05

ಈಗಷ್ಟೇ ಬಾಟಲಿ ನೋಡಿದೆ. 120ರದು. ಐದು ಮಿಲಿ ಹಾಕುತ್ತಿದ್ದೆ, ಸರಿ ಇದೆ. ಮಲಗಿದ್ದಾನೆ, ಉಸಿರು ಎಣಿಸಿದೆ, ಒಂದು ನಿಮಿಷಕ್ಕೆ 34. ಪಕ್ಕೆ ಒಳಗೆ ಹೋಗುತ್ತಿಲ್ಲ.

ಆರ್‌ಎಂಪಿ ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ಮನೆಯವರು ಪಕ್ಕದಲ್ಲೇ ಕೂತು ಓದುತ್ತಿದ್ದಾರೆ.

ಸಿರುಗುಪ್ಪ ಭತ್ತದವನು

ಅಣ್ಣಾ, ನಮ್ಮೂರಲ್ಲೂ ಒಬ್ಬರಿದ್ದಾರೆ. ಒಳ್ಳೆಯ ಮನುಷ್ಯ, ಅರ್ಧ ರಾತ್ರಿಗೆ ಬಾಗಿಲು ತೆಗೆಯುತ್ತಾರೆ, ದುಡ್ಡು ಆಮೇಲೆ ಕೊಡು ಅಂತಾರೆ. ಅದಕ್ಕೇ ಮಂದಿ ಹೋಗುತ್ತಾರೆ, ಅದನ್ನ ನಾನು ತಪ್ಪು ಅನ್ನೋದಿಲ್ಲ. ಸರಕಾರಿ ಬಾಗಿಲು ಸಂಜೆ ಮುಚ್ಚಿದರೆ ಜನ ಎಲ್ಲಿಗೆ ಹೋಗಬೇಕು? ಆದರೆ ಏನು ಹಾಕಿದಿರಿ ಅಂತ ಕೇಳಿದರೆ ಚೀಟಿ ಬರೆದು ಕೊಡೋದಿಲ್ಲ. ಚೀಟಿ ಇಲ್ಲದ ಇಂಜೆಕ್ಷನ್ ನನ್ನ ಮಕ್ಕಳಿಗೆ ಬೇಡ.

ಮಕ್ಕಳ ಡಾಕ್ಟರ್, ಬಳ್ಳಾರಿ

ಆ 'ಬೇಗ ಇಳಿಸುವ' ಇಂಜೆಕ್ಷನ್‌ನಲ್ಲಿ ಹಲವು ಸಲ ಡೆಕ್ಸಾ ಇರುತ್ತದೆ, ಅದು ಸ್ಟೀರಾಯ್ಡ್. ಜ್ವರ ಇಳಿಯುತ್ತದೆ, ಕೂಸು ಚುರುಕಾಗುತ್ತದೆ, ಊಟ ಕೇಳುತ್ತದೆ. ಒಳಗಿನ ಸೋಂಕು ಹಾಗೇ ಇರುತ್ತದೆ. ಬೂದಿ ಮುಚ್ಚಿದ ಕೆಂಡ. ಎರಡು ದಿನ ಬಿಟ್ಟು ನಮ್ಮ ಹತ್ತಿರ ಬಂದಾಗ ಯಾವ ಲಕ್ಷಣವೂ ನೆಟ್ಟಗೆ ಕಾಣೋದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಡೆಂಗಿ. ಇದನ್ನ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಯಲ್ಲಿ ತಂದೆತಾಯಿ ಎಡವುವುದು ಇಲ್ಲೇ.

ಡೆಂಗಿಯಲ್ಲಿ ಜ್ವರ ಇರುವ ದಿನಗಳಿಗಿಂತ ಜ್ವರ ಬಿಡುವ ದಿನ ಅಪಾಯ. ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಮನೆಯವರು ಉಸ್ಸಪ್ಪಾ ಅಂತ ಕೂರುತ್ತಾರೆ. ಅದೇ ಹೊತ್ತಿಗೆ ರಕ್ತನಾಳದಿಂದ ನೀರಿನ ಅಂಶ ಹೊರಗೆ ಸೋರಲು ಶುರುವಾಗಿ ಬಿಪಿ ಬೀಳುತ್ತದೆ. ಜ್ವರ ಹೋದ ಮೇಲೆ ಕೂಸು ಆಡಬೇಕು. ಆಡುವ ಬದಲು ಹೊಟ್ಟೆನೋವು ಅಂತ ಅಳುತ್ತಿದ್ದರೆ, ಬಿಡದೆ ವಾಂತಿ ಇದ್ದರೆ, ಕೈಕಾಲು ತಣ್ಣಗಾದರೆ, ವಸಡು ಮೂಗಿನಿಂದ ರಕ್ತ ಬಂದರೆ, ಮಲ ಕಪ್ಪಾದರೆ, ಉಚ್ಚೆ ನಿಂತರೆ ಒಂದು ಕ್ಷಣವೂ ಕಾಯಬೇಡಿ. ಅವತ್ತು ಥರ್ಮಾಮೀಟರ್ 98 ತೋರಿಸುತ್ತಿರುತ್ತದೆ! ಒಂದು ನಂಬರ್ ಹೇಳಿ ಅಂತ ಕೇಳಿದ್ದಿರಿ, ನಾನು ಹೇಳದೇ ಇರೋದು ಇದಕ್ಕೇ.

ಡೆಂಗಿ ಇರಬಹುದು ಅನ್ನೋ ಕಾಲದಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಏನೂ ಬೇಡ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಎರಡೂ ರಕ್ತಸ್ರಾವ ಜಾಸ್ತಿ ಮಾಡಬಹುದು. ಇಂಜೆಕ್ಷನ್ ಚುಚ್ಚಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿ ಬಾತುಕೊಂಡ ಮಕ್ಕಳನ್ನ ನೋಡಿದ್ದೇನೆ.

ಡೆಂಗಿಯ ಎರಡು ರಕ್ತ ಪರೀಕ್ಷೆಗೂ ದಿನದ ಲೆಕ್ಕ ಇದೆ. ಎನ್‌ಎಸ್1 ಮೊದಲ ಐದು ದಿನದಲ್ಲಿ ಉಪಯೋಗ, ಐಜಿಎಂ ಐದು ದಿನದ ಮೇಲೆ. ಜ್ವರ ಶುರುವಾದ ದಿನ, ಹೊತ್ತು ಗೋಡೆ ಮೇಲೆ ಬರೆದಿಡಿ. 'ನಾಲ್ಕೈದು ದಿನ ಆಯ್ತು ಸಾರ್' ಅನ್ನೋದರಿಂದ ನಮಗೆ ಉಪಯೋಗ ಇಲ್ಲ.

ಪಿಎಚ್‌ಸಿ ಸಿಸ್ಟರ್, ದೇವದುರ್ಗ ಕಡೆ

ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ನಲ್ಲಿ ನೀರು ದಿನಾ ಬರೋದಿಲ್ಲ. ಡ್ರಮ್ಮು, ತೊಟ್ಟಿ, ಕೊಡ ಎಲ್ಲಾ ತುಂಬಿಡುತ್ತೇವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಅಲ್ಲೇ, ಕಚ್ಚೋದು ಹಗಲು. ಮಕ್ಕಳು ಮಧ್ಯಾಹ್ನ ಮಲಗುವಾಗಲೂ ಪರದೆ ಕಟ್ಟಿ. 2022ರ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಜೀಕಾ ಪ್ರಕರಣ ಪತ್ತೆಯಾಗಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲೇ, ಅದನ್ನ ಹರಡೋದೂ ಇದೇ ಸೊಳ್ಳೆ. 2024ರ ಸೆಪ್ಟೆಂಬರಿನಲ್ಲಿ ಸರಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಆಮೇಲೆ ಲಾರ್ವಾ ನೋಡಲು ಮನೆಗೆ ಬಂದರೆ 'ನಮ್ಮ ತೊಟ್ಟಿ ಮುಟ್ಟಬೇಡಿ, ನೀರು ಮತ್ತೆ ಯಾವಾಗ ಬರುತ್ತೋ' ಅಂತ ಬೈಯುವವರೇ ಜಾಸ್ತಿ. ಅವರದೂ ತಪ್ಪಲ್ಲ ಬಿಡಿ.

ಕುಷ್ಟಗಿ ಮೇಷ್ಟ್ರು

ಫಿಟ್ಸ್ ಬಗ್ಗೆ ಯಾರಾದರೂ ಹೇಳಿ. ಹೋದ ವರ್ಷ ನಮ್ಮ ಓಣಿಯಲ್ಲಿ ಎರಡು ವರ್ಷದ ಹುಡುಗಿಗೆ ಜ್ವರದಲ್ಲಿ ಸೆಟೆದುಕೊಂಡಿತು. ಒಬ್ಬರು ಕೈಗೆ ಕಬ್ಬಿಣದ ಕೀಲಿ ಕೊಟ್ಟರು, ಒಬ್ಬರು ಉಳ್ಳಾಗಡ್ಡಿ ಮೂಸಿಸಿದರು, ಇನ್ನೊಬ್ಬರು ಬಾಯಲ್ಲಿ ಚಮಚ ತುರುಕಿದರು. ಬಾಲಗ್ರಹ ಅಂತ ಬರೆ ಹಾಕಿಸೋಕೆ ಹೊರಟವರೂ ಇದ್ದರು. ಆ ತಾಯಿ ಒಪ್ಪಲಿಲ್ಲ, ಕೂಸನ್ನ ಎತ್ತಿಕೊಂಡು ನೇರ ತಾಲೂಕು ಆಸ್ಪತ್ರೆಗೆ ನಡೆದರು.

ಮಕ್ಕಳ ಡಾಕ್ಟರ್, ಬಳ್ಳಾರಿ

ಆ ತಾಯಿಗೆ ನಮಸ್ಕಾರ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ನೋಡಲು ಭಯಂಕರ, ಹೆಚ್ಚಿನವು ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ. ಕೂಸನ್ನ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆ ಹತ್ತಿರ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ನೀರು, ಔಷಧಿ, ಬೆರಳು ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ 108. ಐದು ನಿಮಿಷದೊಳಗೆ ನಿಂತರೂ ಮೊದಲ ಸಲ ಬಂದಿದ್ದರೆ ಅವತ್ತೇ ಆಸ್ಪತ್ರೆಗೆ ಬರಲೇಬೇಕು. ಬರೆ ಹಾಕಿದ ಗಾಯಕ್ಕೇ ನಂಜಾಗಿ ಬರುವ ಕೂಸುಗಳಿವೆ, ಅದರ ಬಗ್ಗೆ ಸೌಮ್ಯವಾಗಿ ಬರೆಯಲು ನನ್ನಿಂದ ಆಗೋದಿಲ್ಲ.

ನಮ್ಮ ಕಡೆ ಫಿಟ್ಸ್ ಅಂದಾಗ ಇನ್ನೊಂದು ಕಾರಣವೂ ತಲೆಯಲ್ಲಿ ಇರುತ್ತದೆ: ಜಪಾನೀಸ್ ಎನ್‌ಸೆಫಲೈಟಿಸ್, ಮೆದುಳು ಜ್ವರ. ಇದರ ಕ್ಯೂಲೆಕ್ಸ್ ಸೊಳ್ಳೆ ಭತ್ತದ ಗದ್ದೆಯ ನಿಂತ ನೀರಲ್ಲಿ ಬೆಳೆಯುತ್ತದೆ. ವೈರಸ್ ಹಂದಿ, ನೀರುಹಕ್ಕಿಗಳಲ್ಲಿ ಇರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ... ತುಂಗಭದ್ರಾ ಕಾಲುವೆ ಹರಿಯುವ ಊರುಗಳಲ್ಲಿ ಭತ್ತ ಎಷ್ಟಿದೆ ಅಂತ ನಾನು ಹೇಳಬೇಕಾ? ಜ್ವರದ ಜೊತೆ ಜೋರು ತಲೆನೋವು, ಕುತ್ತಿಗೆ ಬಗ್ಗದಿರುವುದು, ವಿಚಿತ್ರ ವರ್ತನೆ, ಹಸುಗೂಸಿಗೆ ನೆತ್ತಿ ಉಬ್ಬುವುದು ಕಂಡರೆ ನೇರ ಜಿಲ್ಲಾ ಕೇಂದ್ರಕ್ಕೆ ಬನ್ನಿ. ಬಳ್ಳಾರಿಯಲ್ಲಿ ನೀವೆಲ್ಲಾ ಇನ್ನೂ ವಿಮ್ಸ್ ಅಂತ ಕರೆಯುವ ಮೆಡಿಕಲ್ ಕಾಲೇಜು ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್ ಇದೆ.

ಇದಕ್ಕೆ ಲಸಿಕೆ ಇದೆ, ಪುಕ್ಕಟೆ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡ್ ತೆಗೆದು ಜೆಇ ಅಂತ ಬರೆದ ಖಾನೆ ನೋಡಿ.

ಕ್ಯಾಂಪ್ ಮನೆ

ನೋಡಿದೆ. 9 ತಿಂಗಳದ್ದು ಹಾಕಿದ್ದಾರೆ.

ಬಾಣಂತಿ, ಲಿಂಗಸುಗೂರು

ನನ್ನದೂ ಒಂದು ಪ್ರಶ್ನೆ ಸೇರಿಸಲಾ? ಮಗಳಿಗೆ ಒಂದೂವರೆ ತಿಂಗಳು. ಇವತ್ತು ಅಂಗನವಾಡಿಯಲ್ಲಿ ತೊಡೆಗೆ ಇಂಜೆಕ್ಷನ್ ಹಾಕಿದರು. ಈಗ ಬಗಲಲ್ಲಿ 100.1. ಮೂರು ತಿಂಗಳೊಳಗೆ ಓಡಬೇಕು ಅಂತ ಮೇಲೆ ಬರೆದಿದ್ದೀರಿ, ಕೈಕಾಲು ನಡುಗುತ್ತಿದೆ.

ಪಿಎಚ್‌ಸಿ ಸಿಸ್ಟರ್, ದೇವದುರ್ಗ ಕಡೆ

ಲಸಿಕೆ ಹಾಕಿದ ಮೇಲೆ ಮೊದಲ ಒಂದೆರಡು ದಿನ ಜ್ವರ ಬರೋದು ಇದ್ದದ್ದೇ. ಹಾಲು ಚೆನ್ನಾಗಿ ಎಳೆಯುತ್ತಿದ್ದಾಳಾ? ಎತ್ತಿಕೊಂಡರೆ ಸಮಾಧಾನ ಆಗುತ್ತಾಳಾ? ಲಸಿಕೆ ಹಾಕಿದ ಸಿಸ್ಟರ್‌ಗೆ ಈಗಲೇ ಫೋನ್ ಮಾಡಿ, ಡ್ರಾಪ್ಸ್ ಎಷ್ಟು ಅಂತ ಅವರು ತೂಕ ನೋಡಿ ಹೇಳಲಿ. ಹಾಲು ಬಿಟ್ಟರೆ, ಮಂಕಾದರೆ, ಉಸಿರು 60 ಮುಟ್ಟಿದರೆ, ಜ್ವರ ಏರುತ್ತಾ ಹೋದರೆ ಅಥವಾ ಎರಡು ದಿನ ದಾಟಿದರೆ ಲಸಿಕೆ ಜ್ವರ ಅಂತ ಸುಮ್ಮನಿರಬೇಡಿ. ಈ ವಯಸ್ಸಿನಲ್ಲಿ ಸ್ವಲ್ಪ ಅನುಮಾನ ಬಂದರೂ ತೋರಿಸಿ. ದಡಾರ ಲಸಿಕೆ ಮಾತ್ರ ಬೇರೆ, ಅದರ ಜ್ವರ ವಾರ ಹತ್ತು ದಿನ ಬಿಟ್ಟು ಬರುತ್ತದೆ.

ಬಾಣಂತಿ, ಲಿಂಗಸುಗೂರು

ಎಳೆಯುತ್ತಿದ್ದಾಳೆ. ಈಗ ಅವರಿಗೆ ಫೋನ್ ಮಾಡುತ್ತೇನೆ.

ಐದು ಮಕ್ಕಳ ತಾಯಿ, ಮಸ್ಕಿ

ತಣ್ಣೀರು ಬಟ್ಟೆ ಹಾಕೋದಾದರೂ ಸರಿನಾ, ಅದೂ ತಪ್ಪಾ?

ಔಷಧಿ ಅಂಗಡಿ, ಕೊಪ್ಪಳ

ತಪ್ಪಿಲ್ಲ ಅಮ್ಮಾ, ಫ್ರಿಜ್ ನೀರು, ಐಸು ಬೇಡ ಅಷ್ಟೇ. ಮೈ ನಡುಗಿದರೆ ಕಾವು ಇನ್ನೂ ಏರುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಕೂಸಿಗೆ ಹಿತ ಅನಿಸಿದರೆ ಮಾಡಿ, ಅಳುತ್ತಿದ್ದರೆ ಬಿಡಿ. ಜ್ವರವನ್ನ 98ಕ್ಕೆ ತರಲೇಬೇಕು ಅಂತ ಏನಿಲ್ಲ, ಕೂಸು ಆರಾಮಾಗಿ ಹಾಲು ಕುಡಿದರೆ ಸಾಕು. ಮಲಗಿರುವ ಕೂಸನ್ನ ಔಷಧಿಗಾಗಿ ಎಬ್ಬಿಸಬೇಡಿ.

ಕ್ಯಾಂಪ್ ಮನೆ · ಸಂಜೆ 5:40

ಮನೆಯವರ ಜೊತೆ ಮಾತಾಡಿದೆ. ಇಂಜೆಕ್ಷನ್ ಬೇಡ ಅಂತ ಒಪ್ಪಿದರು. ಇವತ್ತು ರಾತ್ರಿ ಮನೆಯಲ್ಲೇ ಇರುತ್ತೇವೆ. ಪಕ್ಕದ ಕ್ಯಾಂಪಿನವರ ಕಾರಿಗೆ ಹೇಳಿಟ್ಟಿದ್ದಾರೆ. ನಾಳೆ ಮೂರನೇ ದಿನಕ್ಕೆ ಬೀಳುತ್ತದೆ, ಜ್ವರ ಇರಲಿ ಬಿಡಲಿ ಬೆಳಗಿನ ಬಸ್ಸಿಗೆ ಸಿಂಧನೂರು. ಅತ್ತೆ ಇನ್ನೂ ಹಲ್ಲು ಅಂತಲೇ ಹೇಳುತ್ತಿದ್ದಾರೆ.

ಸಿರುಗುಪ್ಪ ಭತ್ತದವನು

ರಾತ್ರಿ ಯಾರು ಎಚ್ಚರ ಇರುತ್ತೀರಿ ಅಂತ ಪಾಳಿ ಹಾಕಿಕೊಳ್ಳಿ. ನೀವೊಬ್ಬರೇ ಕೂರಬೇಡಿ. ಅಣ್ಣ ಓದುತ್ತಿದ್ದಾರಲ್ಲ, ಅವರಿಗೇ ಹೇಳಿದ್ದು.

ಕ್ಯಾಂಪ್ ಮನೆ · ಮರುದಿನ ಮಧ್ಯಾಹ್ನ 1:15

ತೋರಿಸಿಕೊಂಡು ಬಂದೆವು. ರಾತ್ರಿ ಒಂದು ಸಲ 101.8 ಆಗಿತ್ತು. ಡಾಕ್ಟರ್ ಕಿವಿ, ಗಂಟಲು, ಎದೆ ನೋಡಿದರು. ಗಂಟಲು ಕೆಂಪಗಿದೆ, ವೈರಲ್ ಇರಬೇಕು ಅಂದರು. ನಮ್ಮ ಕ್ಯಾಂಪಿನಲ್ಲಿ ಇನ್ನಿಬ್ಬರಿಗೆ ಜ್ವರ ಇದೆ ಅಂದಿದ್ದಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ಎನ್‌ಎಸ್1 ನೆಗೆಟಿವ್, ಪ್ಲೇಟ್ಲೆಟ್ ಸರಿ ಇದೆ. ಆ್ಯಂಟಿಬಯೋಟಿಕ್ ಕೊಡಲಿಲ್ಲ. ಐದನೇ ದಿನಕ್ಕೂ ಜ್ವರ ಇದ್ದರೆ, ಜ್ವರ ಬಿಟ್ಟ ಮೇಲೆ ಮಂಕಾದರೆ, ಮೈ ಮೇಲೆ ಗಂಧೆ ಎದ್ದರೆ ತಿರುಗಿ ಬನ್ನಿ ಅಂದರು. ಶುರುವಾದ ಹೊತ್ತು ಬರೆದುಕೊಂಡು ಹೋಗಿದ್ದು ನೋಡಿ ಖುಷಿಪಟ್ಟರು.

ಮಕ್ಕಳ ಡಾಕ್ಟರ್, ಬಳ್ಳಾರಿ

ಒಳ್ಳೆಯದಾಯಿತು. ಎನ್‌ಎಸ್1 ನೆಗೆಟಿವ್ ಬಂದರೂ ಡೆಂಗಿ ಪೂರ್ತಿ ಇಲ್ಲ ಅಂತ ಆಗೋದಿಲ್ಲ, ಹಾಗಾಗಿ ಅವರು ಹೇಳಿದ್ದನ್ನ ಮರೆಯಬೇಡಿ. ಗಂಧೆ ಎದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಬಣ್ಣ ಮಾಯವಾಗದ ಚುಕ್ಕೆ ಇದ್ದರೆ ತಕ್ಷಣ ಬನ್ನಿ. ನಮ್ಮ ಮೈಬಣ್ಣಕ್ಕೆ ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆ ಒಳಗೆ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಕುಷ್ಟಗಿ ಮೇಷ್ಟ್ರು

ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ತಗೊಳ್ಳಲಾ, ಬಗಲಲ್ಲಿ ಇಡುವುದೇ ಸಾಕಾ? ಶಾಲೆಗೂ ಒಂದು ಬೇಕಾಗಿದೆ.

ಔಷಧಿ ಅಂಗಡಿ, ಕೊಪ್ಪಳ

ಮನೆಗೆ ಬಗಲಲ್ಲಿ ಇಡುವ ಡಿಜಿಟಲ್ ಸಾಕು ಮೇಷ್ಟ್ರೇ. ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಬೀಪ್ ಬರುವ ತನಕ ಕೈ ಒತ್ತಿ ಹಿಡಿಯಿರಿ. ಶಾಲೆಗೆ ಗನ್ ಅನುಕೂಲ, ಆದರೆ ಬಿಸಿಲಿಂದ ಆಗಷ್ಟೇ ಒಳಗೆ ಬಂದ ಹುಡುಗರಿಗೆಲ್ಲಾ ಅದು ಜ್ವರ ತೋರಿಸುತ್ತದೆ. ಹದಿನೈದು ನಿಮಿಷ ನೆರಳಲ್ಲಿ ಕೂರಿಸಿ ಆಮೇಲೆ ನೋಡಿ. ಹಳೇ ಪಾದರಸದ್ದು ಇದ್ದರೆ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.